ಎಸೆಕ್ಸ್ ಕೌಂಟಿ ಪೊಲೀಸ್ ಕಥೆ: ಚೀಫ್ ಕಾನ್‌ಸ್ಟೇಬಲ್ ಅಂದ್ರೆ ದಫೇದಾರ್ ಅಲ್ಲ ಕಣ್ರಪ್ಪೋ

ಚೆಲ್ಮ್ಸ್‌ಫರ್ಡ್ ಚಂದ್ರು:
ಎಲ್ರಿಗೂ ನಮಸ್ಕಾರ. ನಮ್ಮ ಮಾವ ತಿಪಟೂರಿಂದ ಬಂದಿದ್ದಾರೆ, ಮೂರು ತಿಂಗಳು ಇರ್ತಾರೆ, ಮನೇಲಿ ಕೂತು ಕೂತು ಬೇಜಾರಾಗಿ ಏನಾದ್ರೂ ತೋರ್ಸಿ ಅಂದ್ರು. ಇಲ್ಲೇ ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಸ್ಪ್ರಿಂಗ್‌ಫೀಲ್ಡಲ್ಲಿ ಎಸೆಕ್ಸ್ ಪೊಲೀಸ್ ಹೆಡ್‌ಕ್ವಾರ್ಟರ್ಸ್ ಇದೆ, ಅದ್ರೊಳಗೇ ಒಂದು ಪುಟ್ಟ ಮ್ಯೂಸಿಯಂ, ಅಲ್ಲಿಗೆ ಕರ್ಕೊಂಡೋದೆ. ಮೊದಲನೇ ಚೀಫ್ ಕಾನ್‌ಸ್ಟೇಬಲ್ಲು ಹಿಂಗಿದ್ರು ಹಂಗಿದ್ರು ಅಂತ ನಾನು ಹೇಳ್ತಾ ಇದ್ರೆ ಮಾವ ಸುಮ್ನೆ ಕೇಳಿಸ್ಕೊಂಡು ಕೊನೆಗೆ "ಅಲ್ಲ ಅಳಿಯಂದ್ರೇ, ಒಬ್ಬ ದಫೇದಾರನಿಗೆ ಇಷ್ಟೊಂದು ಮರ್ಯಾದೆನಾ ಈ ದೇಶದಲ್ಲಿ" ಅಂದ್ರು. ನಕ್ಕು ನಕ್ಕು ಸಾಕಾಯ್ತು. ಆಮೇಲೆ ಯೋಚ್ನೆ ಮಾಡಿದ್ರೆ ಅವರ ತಪ್ಪೇನಿಲ್ಲ, ನಮ್ಮಲ್ಲಿ ಕಾನ್‌ಸ್ಟೇಬಲ್ ಅಂದ್ರೆ ಪೇದೆ, ಹೆಡ್ ಕಾನ್‌ಸ್ಟೇಬಲ್ ಅಂದ್ರೆ ದಫೇದಾರು, ಚೀಫ್ ಕಾನ್‌ಸ್ಟೇಬಲ್ ಅಂದ್ರೆ ಅವನಿಗಿಂತ ಒಂದು ಮೆಟ್ಟಿಲು ಮೇಲಿರ್ಬೇಕು ಅಷ್ಟೇ ಅನ್ಸತ್ತೆ. ಇಲ್ಲಿ ಇಡೀ ಕೌಂಟಿ ಪೊಲೀಸಿಗೆ ಅವನೇ ದೊಡ್ಡ ಸಾಹೇಬ.

ಅವತ್ತಿಂದ ಈ ಎಸೆಕ್ಸ್ ಪೊಲೀಸಿನ ಹಿಸ್ಟರಿ ಓದ್ತಾ ಕೂತಿದೀನಿ, ಹುಚ್ಚು ಹಿಡಿದಂಗಾಗಿದೆ. ನಂಗೆ ಗೊತ್ತಾಗಿದ್ದು ಇಷ್ಟು. 1840ರ ಫೆಬ್ರವರಿ 11ನೇ ತಾರೀಖು ಈ ಫೋರ್ಸ್ ಶುರುವಾಯ್ತು. ಅದಕ್ಕೆ ಮುಂಚೆ ಊರೂರಿಗೆ ಪ್ಯಾರಿಷ್ ಕಾನ್‌ಸ್ಟೇಬಲ್ ಅಂತ ಒಬ್ಬ ಇರ್ತಿದ್ದ, ಸಂಬಳ ಇಲ್ಲ, ಯೂನಿಫಾರಂ ಇಲ್ಲ, ಈ ವರ್ಷ ಚಮ್ಮಾರ, ಮುಂದಿನ ವರ್ಷ ರೈತ, ಸರದಿ ಮೇಲೆ ತಲೆಗೆ ಕಟ್ಟೋರು. ಅವನು ಹಗಲು ತನ್ನ ಕೆಲಸ ನೋಡ್ಕೋಬೇಕಾ ಕಳ್ಳನ್ನ ಹಿಡೀಬೇಕಾ. ದುಡ್ಡಿರೋರು ಸರದಿ ಬಂದಾಗ ಬೇರೆ ಯಾರಿಗೋ ನಾಲ್ಕು ಕಾಸು ಕೊಟ್ಟು ತಪ್ಪಿಸ್ಕೊಳ್ಳೋರು. ಹಂಗಿದ್ದ ಜಾಗಕ್ಕೆ ಸುಮಾರು ನೂರು ಜನ ಕಾನ್‌ಸ್ಟೇಬಲ್ಲು, ಹದಿನೈದು ಜನ ಸೂಪರಿಂಟೆಂಡೆಂಟು, ಮೇಲೆ ಒಬ್ಬ ಚೀಫು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ ಅಂದ್ಕೊಳ್ಳಿ. ಇಡೀ ಜಿಲ್ಲೆಗೆ ನೂರು ಜನ!

ಯಾರಿಗಾದ್ರೂ ಇಂಟರೆಸ್ಟ್ ಇದ್ರೆ ಹೇಳಿ, ಇನ್ನೂ ಬರೀತೀನಿ.

ಮಂಡ್ಯ ಗೌಡ:
ಬರಿಯಣ್ಣ ಬರಿ. ಒಂದು ಡೌಟು, ಇಂಗ್ಲೆಂಡಲ್ಲಿ ಪೊಲೀಸ್ ಶುರು ಮಾಡಿದ್ದು 1829ರಲ್ಲಿ ರಾಬರ್ಟ್ ಪೀಲ್ ಅಂತ ನಾವು ಸ್ಕೂಲಲ್ಲಿ ಓದಿದ್ವಿ, ಹಂಗಾದ್ರೆ ಎಸೆಕ್ಸಿಗೆ ಹನ್ನೊಂದು ವರ್ಷ ಲೇಟ್ ಯಾಕೆ? ಪಕ್ಕದ್ದೇ ಊರು ತಾನೇ ಲಂಡನ್ನು.

ಕೆಂಟ್ ಕಾವ್ಯ:
ಗೌಡ್ರೇ, 1829ರದ್ದು ಲಂಡನ್ನಿಗೆ ಮಾತ್ರ, ಮೆಟ್ರೊಪಾಲಿಟನ್ ಪೊಲೀಸ್. ಅದು ನೇರ ಹೋಮ್ ಸೆಕ್ರೆಟರಿ, ಅಂದ್ರೆ ಇಲ್ಲಿನ ಗೃಹಮಂತ್ರಿ ಕೈಕೆಳಗೆ. ಆಮೇಲೆ 1835ರಲ್ಲಿ ಬರೋ ಅಂತ ಕರೀತಿದ್ದ ಪೇಟೆಗಳಿಗೆ ಒಂದು ಕಾನೂನು ಬಂತು, ಪುರಸಭೆಯೋರು ನಿಮ್ಮ ಪೊಲೀಸ್ ನೀವೇ ಇಟ್ಕೊಳ್ಳಿ ಅಂತ. ಹಳ್ಳಿಗಳ ಕಡೆ ಬಂದಿದ್ದು 1839ರ ಕೌಂಟಿ ಪೊಲೀಸ್ ಆಕ್ಟ್, ಅದೂ ಕಡ್ಡಾಯ ಅಲ್ಲ, ಬೇಕಿದ್ದೋರು ಮಾಡ್ಕೊಳ್ಳಿ ಅನ್ನೋ ಥರ. ಮೊದ್ಲು ಮಾಡ್ಕೊಂಡಿದ್ದು ವಿಲ್ಟ್‌ಷೈರು, 1839ರ ನವೆಂಬರಲ್ಲೇ. ಎಸೆಕ್ಸ್ ಅದರ ಹಿಂದೆನೇ ಬಂದ ಗುಂಪಿನಲ್ಲಿದೆ, ಲೇಟ್ ಅನ್ನಂಗಿಲ್ಲ. ಎಷ್ಟೋ ಕೌಂಟಿಗಳು 1856ರ ತನಕ ಸುಮ್ನೆ ಕೂತಿದ್ವು, ಆ ವರ್ಷ ಕಡ್ಡಾಯ ಮಾಡಿದ್ಮೇಲೆ ಬೇರೆ ದಾರಿ ಇಲ್ಲದೆ ಮಾಡಿದ್ರು.

ಮಂಡ್ಯ ಗೌಡ:
ಪೊಲೀಸ್ ಬೇಡ ಅನ್ನೋಕೆ ಏನಣ್ಣ ಕಾರಣ? ಕಳ್ಳರೇ ಓಟ್ ಹಾಕ್ತಿದ್ರಾ

ಚೆಲ್ಮ್ಸ್‌ಫರ್ಡ್ ಚಂದ್ರು:
ಹಹಹ. ಕಾರಣ ದುಡ್ಡು ಗೌಡ್ರೇ, ದುಡ್ಡು. ನಂಗೆ ಈ ಇಡೀ ಕಥೇಲಿ ಇಂಟರೆಸ್ಟಿಂಗ್ ಅನ್ಸಿದ್ದೇ ಅದು. ಪೊಲೀಸ್ ಖರ್ಚು ಪೂರ್ತಿ ಕೌಂಟಿಯ ಕಂದಾಯದ ಮೇಲೆ ಬೀಳೋದು, ಸರ್ಕಾರ ಒಂದು ಬಿಡಿಗಾಸೂ ಕೊಡ್ತಿರ್ಲಿಲ್ಲ. ತೀರ್ಮಾನ ಮಾಡೋರು ಯಾರು ಅಂದ್ರೆ ಮ್ಯಾಜಿಸ್ಟ್ರೇಟ್‌ಗಳು, ಅಂದ್ರೆ ಊರಿನ ದೊಡ್ಡ ಜಮೀನ್ದಾರ್ರು, ಮೂರು ತಿಂಗಳಿಗೊಂದ್ಸಲ ಚೆಲ್ಮ್ಸ್‌ಫರ್ಡ್ ಶೈರ್ ಹಾಲಲ್ಲಿ ಸೇರ್ತಿದ್ರು. ಆ ಬಿಲ್ಡಿಂಗ್ ಈಗ್ಲೂ ಇದೆ, ಹೈ ಸ್ಟ್ರೀಟ್ ತುದೀಲಿ, 1791ರದ್ದು, ನಾನು ದಿನಾ ಅದರ ಮುಂದೆನೇ ಬಸ್ಸಿಗೆ ಹೋಗೋದು. ತೀರ್ಮಾನ ಅವರದ್ದು, ದುಡ್ಡು ಕಟ್ಟೋದು ರೈತ, ಅಂಗಡಿಯೋನು. ಅವರಿಗೆ ಉರಿಯದೆ ಇರುತ್ತಾ. ನಮ್ಮೂರಲ್ಲಿ ಕಳ್ಳತನನೇ ಇಲ್ಲ, ಪಕ್ಕದೂರಿನ ಕಳ್ಳನಿಗೆ ನಾವ್ಯಾಕೆ ಕಂದಾಯ ಕಟ್ಬೇಕು ಅನ್ನೋ ಮಾತು. ಜೊತೆಗೆ ಇನ್ನೊಂದು, ಯೂನಿಫಾರಂ ಹಾಕಿರೋ ಪೊಲೀಸ್ ಅಂದ್ರೆ ಫ್ರಾನ್ಸ್ ಥರ ಗೂಢಚಾರರು ಅನ್ನೋ ಭಯನೂ ಇತ್ತು ಇವ್ರಿಗೆ.

ಮೊದಲನೇ ಚೀಫ್ ಕ್ಯಾಪ್ಟನ್ ಜಾನ್ ಬಂಚ್ ಬೊನೆಮೇಸನ್ ಮ್ಯಾಕ್‌ಹಾರ್ಡಿ, ಹೆಸರೇ ಒಂದು ಗೂಡ್ಸ್ ಗಾಡಿ ಇದ್ದಂಗಿದೆ. ನೌಕಾಪಡೆಯ ಮನುಷ್ಯ, ಕೋಸ್ಟ್‌ಗಾರ್ಡಲ್ಲಿ ಇದ್ದೋರು. ಇವ್ರು ಈ ದುಡ್ಡಿನ ತಕರಾರಿಗೆ ಒಂದು ಉಪಾಯ ಮಾಡಿದ್ರು. ಪೊಲೀಸ್ರನ್ನ ಬರೀ ಕಳ್ಳನ್ನ ಹಿಡಿಯೋಕೆ ಇಡ್ಬೇಡಿ, ತೂಕ ಅಳತೆ ಚೆಕ್ ಮಾಡೋದು, ಅಲೆಮಾರಿಗಳಿಗೆ ರಾತ್ರಿ ತಂಗೋಕೆ ಚೀಟಿ ಕೊಡೋದು, ಇಂಥ ಕೆಲಸನೂ ಅವರ ಕೈಲೇ ಮಾಡಿಸಿ, ಬೇರೆಯೋರಿಗೆ ಕೊಡೋ ಸಂಬಳ ಉಳಿಯುತ್ತೆ, ಆಗ ಪೊಲೀಸ್ ಬಿಟ್ಟಿ ಬಿದ್ದಂಗೆ ಅಂತ ಲೆಕ್ಕ ತೋರಿಸಿದ್ರು. 1853ರಲ್ಲಿ ಪಾರ್ಲಿಮೆಂಟ್ ಕಮಿಟಿ ಮುಂದೆ ಹೋಗಿ ಸಾಕ್ಷಿನೂ ಹೇಳಿದ್ರು. ಆ ಕಮಿಟಿ ಆದ್ಮೇಲೇನೇ 1856ರ ಕಾನೂನು ಬಂದಿದ್ದು. 1881ರ ತನಕ, ಅಂದ್ರೆ 41 ವರ್ಷ ಅದೇ ಕುರ್ಚಿ! ನಮ್ಮಲ್ಲಿ ಎಸ್‌ಪಿ ಒಂದೂವರೆ ವರ್ಷ ಒಂದೇ ಜಿಲ್ಲೇಲಿ ಇದ್ರೆ ಪುಣ್ಯ.

ಹುಬ್ಬಳ್ಳಿ ರಿಟೈರ್ಡ್ ಪಿಎಸ್ಐ:
ಚಂದ್ರು ಅವ್ರ, ಭಾಳ ಚಲೋ ಬರದೀರಿ. ಕಂದಾಯದ ಮಾತು ಓದಿ ನಗಿ ಬಂತು, ನಾವೂ ಸರ್ವಿಸ್‌ನ್ಯಾಗ ಕಳ್ಳರನ್ನ ಹಿಡದದ್ದಕ್ಕಿಂತ ಜಾತ್ರಿ, ಮೆರವಣಿಗಿ, ಮಂತ್ರಿ ಬಂದೋಬಸ್ತ್ ಮಾಡಿದ್ದ ಜಾಸ್ತಿ. ಒಂದು ಕೇಳ್ತೀನ್ರಿ, ಭರ್ತಿ ಹೆಂಗ ಮಾಡ್ಕೋತಿದ್ರು? ಎತ್ತರ ಅಳೀತಿದ್ರೇನು?

ಚೆಲ್ಮ್ಸ್‌ಫರ್ಡ್ ಚಂದ್ರು:
ಅಳೀತಿದ್ರು ಸರ್! ಹೋಮ್ ಸೆಕ್ರೆಟರಿ ಎಲ್ಲಾ ಕೌಂಟಿಗೂ ರೂಲ್ಸ್ ಕಳಿಸಿದ್ರು, ಬೂಟ್ ಬಿಚ್ಚಿ 5 ಅಡಿ 7 ಇಂಚು, ವಯಸ್ಸು ನಲವತ್ತರ ಒಳಗೆ, ಓದೋಕೆ ಬರೆಯೋಕೆ ಬರ್ಬೇಕು. ಜೊತೆಗೆ ಸಾವಿರ ಜನಕ್ಕೆ ಒಬ್ಬನಿಗಿಂತ ಜಾಸ್ತಿ ಪೊಲೀಸ್ ಇಟ್ಕೊಳ್ಳೋ ಹಾಗಿಲ್ಲ ಅಂತ ಕಾನೂನಲ್ಲೇ ಇತ್ತು. ಆದ್ರೆ ಬಂದೋರು ನಿಲ್ತಿರ್ಲಿಲ್ಲ, ಎಲ್ಲಾ ಕೌಂಟೀಲೂ ಅದೇ ಗೋಳು. ಹೊಲದ ಕೂಲಿಯವನಿಗಿಂತ ಸಂಬಳ ಸ್ವಲ್ಪ ಜಾಸ್ತಿ, ಆದ್ರೆ ರಾತ್ರಿ ಇಡೀ ನಡೀಬೇಕು, ಕುಡಿದ್ರೆ ಡಿಸ್‌ಮಿಸ್ಸು. ಕುಡಿಯೋ ವಿಷಯಕ್ಕೆ ಮನೆಗೆ ಹೋದೋರೇ ಎಷ್ಟೋ ಜನ.

ಉಡುಪಿ ಭಟ್ರು:
ಮಾರಾಯ್ರೆ, ಬಂದೂಕ ಇತ್ತಾ ಇವರತ್ರ? ಈಗ್ಲೂ ಇಂಗ್ಲೆಂಡಿನ ಮಾಮೂಲಿ ಪೊಲೀಸ್ರ ಹತ್ರ ಇಲ್ಲ ಅಂತ ಕೇಳಿದ್ದೆ.

ಕೆಂಟ್ ಕಾವ್ಯ:
ಇಲ್ಲ ಭಟ್ರೇ, ಮರದ ಲಾಠಿ, ಒಂದು ಲಾಟೀನು, ಗಿಲಕಿ ಅಥವಾ ಸೀಟಿ, ಅಷ್ಟೇ. ಅದಕ್ಕೇ ಎಸೆಕ್ಸಲ್ಲಿ ಡ್ಯೂಟಿ ಮೇಲೆ ಸತ್ತೋರ ಕಥೆಗಳು ಓದಿದ್ರೆ ಹೊಟ್ಟೆ ತೊಳಸುತ್ತೆ. 1885ರಲ್ಲಿ ರೈನಮ್ ಹತ್ರ ಇನ್ಸ್‌ಪೆಕ್ಟರ್ ಥಾಮಸ್ ಸಿಮನ್ಸ್ ಅನ್ನೋರಿಗೆ ಗುಂಡು ಹೊಡೆದ್ರು, ನಾಲ್ಕು ದಿನ ನರಳಿ ಸತ್ರು. 1893ರ ಏಪ್ರಿಲಲ್ಲಿ ಪರ್ಲಿ ಅನ್ನೋ ಹಳ್ಳೀಲಿ ಸಾರ್ಜೆಂಟ್ ಆಡಮ್ ಈವ್ಸ್ ಅವರನ್ನ ಕುತ್ತಿಗೆ ಕುಯ್ದು ಹಳ್ಳಕ್ಕೆ ಹಾಕಿದ್ರು. ಯಾತಕ್ಕೆ ಗೊತ್ತಾ, ಕಣದಿಂದ ಕದ್ದ ಕೆಲವು ಮೂಟೆ ಕಾಳಿಗೆ. ಕದ್ಕೊಂಡು ಹೋಗ್ತಿದ್ದೋರಿಗೆ ರಾತ್ರಿ ಒಬ್ಬನೇ ಎದುರು ಸಿಕ್ಕಿದ್ದ ಅಷ್ಟೇ.

ಇನ್ನೊಂದು ವಿಚಿತ್ರ, ಸ್ಯಾಫ್ರನ್ ವಾಲ್ಡನ್ ಅಂತ ಒಂದು ಪುಟ್ಟ ಪೇಟೆ ಇದೆ, ಹಿಂದೆ ಕೇಸರಿ ಬೆಳೀತಿದ್ರು ಅಂತ ಆ ಹೆಸರು. ಆ ಊರಿಗೆ ಕೌಂಟಿ ಪೊಲೀಸ್ ಬೇಡ ಅಂತ ಅದರದ್ದೇ ಸ್ವಂತ ಫೋರ್ಸ್, ಅದ್ರಲ್ಲಿ ಬೆರಳೆಣಿಕೆ ಜನ. 1849ರ ಅಕ್ಟೋಬರ್ 31ನೇ ತಾರೀಖು ರಾತ್ರಿ ಅದರ ಮುಖ್ಯಸ್ಥ ವಿಲಿಯಂ ಕ್ಯಾಂಪ್ಲಿಂಗ್ ಮನೆ ಬಾಗಿಲಲ್ಲೇ ಗುಂಡೇಟು ತಿಂದ್ರು, ಕೆಲವು ದಿನ ಬಿಟ್ಟು ತೀರ್ಕೊಂಡ್ರು. ಹಿಡಿದಿದ್ದ ಆಸಾಮಿ ಕೋರ್ಟಲ್ಲಿ ಖುಲಾಸೆ. ಚೀಫೇ ಹೋದ್ರೆ ತನಿಖೆ ಯಾರು ಮಾಡ್ಬೇಕು ಹೇಳಿ.

ಮಂಡ್ಯ ಗೌಡ:
ಊರಿಗೊಂದು ಪೊಲೀಸ್ ಡಿಪಾರ್ಟ್‌ಮೆಂಟಾ? ಮದ್ದೂರಿಗೊಂದು ಮಳವಳ್ಳಿಗೊಂದು ಅನ್ನಂಗೆ

ಚೆಲ್ಮ್ಸ್‌ಫರ್ಡ್ ಚಂದ್ರು:
ಹೂಂ ಗೌಡ್ರೇ, ಕರೆಕ್ಟಾಗಿ ಹಂಗೇ. ಕೋಲ್ಚೆಸ್ಟರಿಗೆ ಒಂದು, ಹ್ಯಾರಿಚ್‌ಗೆ ಒಂದು, ಮಾಲ್ಡನ್‌ಗೆ ಒಂದು, ಸ್ಯಾಫ್ರನ್ ವಾಲ್ಡನ್‌ಗೆ ಒಂದು. ಪೇಟೆಯ ಗಡಿ ದಾಟಿದ್ರೆ ಕಳ್ಳ ಬೇರೆಯವರ ಕಳ್ಳ. ಇವೆಲ್ಲಾ ಹೆಂಗೆ ಒಂದೊಂದಾಗಿ ಕೌಂಟಿ ಹೊಟ್ಟೆಗೆ ಹೋದ್ವು ಅನ್ನೋದೂ ದುಡ್ಡಿನ ಕಥೆನೇ. 1856ರ ಆಕ್ಟಲ್ಲಿ ಸರ್ಕಾರ ಒಂದು ಬೆಲ್ಲದ ತುಂಡು ತೋರಿಸ್ತು. ಹೋಮ್ ಆಫೀಸಿಂದ ಇನ್ಸ್‌ಪೆಕ್ಟರ್ ಬರ್ತಾನೆ, ನಿಮ್ಮ ಫೋರ್ಸ್ ನೆಟ್ಟಗಿದೆ ಅಂತ ಸರ್ಟಿಫಿಕೇಟ್ ಕೊಟ್ರೆ ಸಂಬಳ ಬಟ್ಟೆ ಖರ್ಚಲ್ಲಿ ಕಾಲು ಭಾಗ ನಾವು ಕೊಡ್ತೀವಿ ಅಂತ. ಸಣ್ಣ ಪೇಟೆಗಳು ಲೆಕ್ಕ ಹಾಕಿ ನೋಡಿದ್ವು, ಗಿಟ್ಟಲ್ಲ ಅನ್ನಿಸ್ತು, ಹ್ಯಾರಿಚ್ ಮತ್ತೆ ಸ್ಯಾಫ್ರನ್ ವಾಲ್ಡನ್ 1857ರಲ್ಲೇ ಕೌಂಟಿಗೆ ಸೇರ್ಕೊಂಡ್ವು. 1874ರಲ್ಲಿ ಆ ಕಾಲು ಭಾಗ ಅರ್ಧ ಆಯ್ತು. ಆಮೇಲೆ ಹತ್ತು ಸಾವಿರಕ್ಕಿಂತ ಕಮ್ಮಿ ಜನ ಇರೋ ಪೇಟೆಗೆ ಸ್ವಂತ ಪೊಲೀಸ್ ಇಲ್ಲ ಅಂತ ಕಾನೂನು ಬಂತು, 1889ರಲ್ಲಿ ಮಾಲ್ಡನ್ ಹೋಯ್ತು. ಕೋಲ್ಚೆಸ್ಟರ್ ಮಾತ್ರ ರೋಮನ್ನರ ಕಾಲದ ಊರು ಅನ್ನೋ ಗತ್ತಲ್ಲಿ 1947ರ ತನಕ ಬಿಡ್ಲಿಲ್ಲ.

ಮಜಾ ಏನಂದ್ರೆ ಇವೆಲ್ಲಾ ಮುಚ್ಚತಾ ಬರ್ತಿರೋ ಕಾಲದಲ್ಲೇ, 1914ರಲ್ಲಿ, ಸೌತೆಂಡ್‌ನೋರು ಹೊಸದಾಗಿ ಸ್ವಂತ ಪೊಲೀಸ್ ಶುರು ಮಾಡ್ಕೊಂಡ್ರು. ಲಂಡನ್ನೋರು ರಜೆಗೆ ಬರೋ ಸಮುದ್ರ ತೀರ, ಕೈಯಲ್ಲಿ ದುಡ್ಡು ಓಡಾಡ್ತಿತ್ತು. ಅದು 1969ರಲ್ಲಿ ಸೇರ್ತು, ಆಗ ಹೆಸರೇ ಎಸೆಕ್ಸ್ ಅಂಡ್ ಸೌತೆಂಡ್ ಆನ್ ಸೀ ಜಾಯಿಂಟ್ ಕಾನ್‌ಸ್ಟಾಬ್ಯುಲರಿ ಅಂತ ಇಟ್ರು, ಮದುವೆ ಆದ್ಮೇಲೂ ತವರುಮನೆ ಹೆಸರು ಬಿಡಲ್ಲ ಅನ್ನೋ ಥರ. 1974ರಲ್ಲಿ ಸುಮ್ನೆ ಎಸೆಕ್ಸ್ ಪೊಲೀಸ್ ಆಯ್ತು.

ಶಾರದಾ ಮೇಡಂ ಮೈಸೂರು:
ಚೆನ್ನಾಗಿದೆ ಚಂದ್ರು. ನಾನು ಮೂವತ್ತು ವರ್ಷ ಹಿಸ್ಟರಿ ಪಾಠ ಮಾಡಿದೋಳು, ಆದ್ರೆ ಹೆಂಡತಿಯರ ಬಗ್ಗೆ ಯಾರೂ ಒಂದ್ ಮಾತೂ ಆಡ್ತಿಲ್ವಲ್ಲ ಅಂತ ಬರೀತಿದೀನಿ. ಇಂಗ್ಲೆಂಡಿನ ಹಳ್ಳಿ ಪೊಲೀಸ್ ಅಂದ್ರೆ ಅವನ ಮನೆಯೇ ಸ್ಟೇಷನ್ನು. ಅವನು ಬೀಟಿಗೆ ಹೋದ್ರೆ ಬಾಗಿಲು ತಟ್ಟಿದೋರಿಗೆ ಉತ್ತರ ಕೊಡೋಳು ಅವಳು, ಆಮೇಲಾಮೇಲೆ ಫೋನ್ ತಗೊಳ್ಳೋಳು ಅವಳು, ಹಿಡ್ಕೊಂಡು ಬಂದ ಹೆಂಗಸರನ್ನ ತಪಾಸಣೆ ಮಾಡೋಕೂ ಎಷ್ಟೋ ಕಡೆ ಅವಳೇ. ಸಂಬಳ ಸೊನ್ನೆ. ಮದುವೆ ಆಗ್ಬೇಕಂದ್ರೆ ಚೀಫ್ ಪರ್ಮಿಷನ್ ಬೇಕು, ಹುಡುಗಿ ಮನೆತನ ಹೆಂಗಿದೆ ಅಂತ ವಿಚಾರಿಸ್ತಿದ್ರು. ಅವಳು ಒಂದು ಅಂಗಡಿ ಇಟ್ಕೊಳ್ಳೋ ಹಾಗಿಲ್ಲ, ಗಂಡ ಓಟು ಹಾಕೋ ಹಾಗಿಲ್ಲ, ಪೊಲೀಸ್ರಿಗೆ ಪಾರ್ಲಿಮೆಂಟ್ ಓಟು ಸಿಕ್ಕಿದ್ದೇ 1887ರಲ್ಲಿ. ವಾರಕ್ಕೊಂದು ರಜಾ ಅಂತ ಕಾನೂನಾಗಿದ್ದು 1910ರಲ್ಲಿ. ಪಿಂಚಣಿ ಹಕ್ಕು ಅಂತ ಆಗಿದ್ದು 1890ರಲ್ಲಿ, ಅದಕ್ಕೆ ಮುಂಚೆ ಸಾಹೇಬ್ರ ಮನಸ್ಸು ಬಂದ್ರೆ ಉಂಟು ಇಲ್ದಿದ್ರೆ ಇಲ್ಲ.

1918 ಮತ್ತೆ 1919ರಲ್ಲಿ ಪೊಲೀಸ್ರೇ ಸ್ಟ್ರೈಕ್ ಮಾಡಿದ್ರು, ಮುಖ್ಯವಾಗಿ ಲಂಡನ್, ಲಿವರ್‌ಪೂಲ್ ಕಡೆ. ಅದರ ಬಿಸಿಗೆ ಡೆಸ್‌ಬರೋ ಕಮಿಟಿ ಕೂತು ಹಳ್ಳಿ ಪೇಟೆ ಅಂತ ಭೇದ ಇಲ್ದೆ ದೇಶಕ್ಕೆಲ್ಲಾ ಒಂದೇ ಸಂಬಳ ಮಾಡ್ತು, ಹೊಸಬನಿಗೆ ವಾರಕ್ಕೆ 70 ಶಿಲಿಂಗ್. ಜೊತೆಗೆ ಪೊಲೀಸ್ರು ಯೂನಿಯನ್ ಸೇರಂಗಿಲ್ಲ ಅಂತ ಕಾನೂನು, ಅದರ ಬದ್ಲಿಗೆ ಪೊಲೀಸ್ ಫೆಡರೇಷನ್ ಅಂತ ಒಂದು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಟ್ಟಿದ್ರು.

ಹುಬ್ಬಳ್ಳಿ ರಿಟೈರ್ಡ್ ಪಿಎಸ್ಐ:
ಮೇಡಂ ಅವ್ರ, ನಮ್ಮ ಮನಿಯಾಕಿ ಇದನ್ನ ಓದಿ "ನನ್ನ ಸರ್ವಿಸ್ ಪಿಂಚಣಿ ಎಲ್ಲೈತಿ" ಅಂತ ಕೇಳಾಕತ್ತಾಳ. ಖರೇ ಹೇಳಬೇಕಂದ್ರ ಕ್ವಾರ್ಟರ್ಸ್‌ನ್ಯಾಗ ಇದ್ದಾಗ ಅರ್ಧ ಕಂಪ್ಲೇಂಟ್ ಆಕಿನ ಬಗಿಹರಿಸಿ ಕಳಿಸ್ತಿದ್ಲು.

ಉಡುಪಿ ಭಟ್ರು:
ಯಾರೋ ಕಣ್ಣಿಗೆ ಗುಂಡು ಹೊಡೆದ ಕೇಸ್ ಎಸೆಕ್ಸಿದ್ದೇ ಅಲ್ವಾ? ಚಿಕ್ಕವನಿದ್ದಾಗ ವಾರಪತ್ರಿಕೇಲಿ ಓದಿದ ನೆನಪು.

ಚೆಲ್ಮ್ಸ್‌ಫರ್ಡ್ ಚಂದ್ರು:
ಅದೇ ಭಟ್ರೇ, ಕಾನ್‌ಸ್ಟೇಬಲ್ ಜಾರ್ಜ್ ಗಟರಿಜ್. ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಹಳ್ಳಿ ಪೊಲೀಸ್ ಹೆಂಗೆ ಕೆಲಸ ಮಾಡ್ತಿದ್ದ ಅನ್ನೋದು ಇದ್ರಲ್ಲೇ ಗೊತ್ತಾಗತ್ತೆ.

ಆಗ ರೇಡಿಯೋ ಇಲ್ಲ, ವಾಕಿಟಾಕಿ ಇಲ್ಲ. ರಾತ್ರಿ ಹೊರಟ ಕಾನ್‌ಸ್ಟೇಬಲ್ ಬದುಕಿದಾನಾ ಇಲ್ವಾ, ಎಲ್ಲಾದ್ರೂ ಮಲ್ಕೊಂಡಿದಾನಾ, ಹೆಂಗೆ ಗೊತ್ತಾಗ್ಬೇಕು? ಅದಕ್ಕೆ ಕಾನ್ಫರೆನ್ಸ್ ಪಾಯಿಂಟ್ ಅಂತ ಒಂದು ವ್ಯವಸ್ಥೆ. ಇಂಥ ಹೊತ್ತಿಗೆ ಇಂಥ ಮನೆ ಹತ್ರ, ಇಂಥ ಕೂಡು ರಸ್ತೇಲಿ ಪಕ್ಕದ ಬೀಟಿನವನು ಬರ್ತಾನೆ, ಇವನೂ ಅಲ್ಲಿಗೆ ಹೋಗ್ಬೇಕು, ಇಬ್ರೂ ಸ್ವಲ್ಪ ಹೊತ್ತು ನಿಂತು ಮಾತಾಡಿ ಅವರವರ ದಾರಿ ಹಿಡೀಬೇಕು. 1927ರ ಸೆಪ್ಟೆಂಬರ್ 27, ಬೆಳಗಿನ ಜಾವ ಮೂರು ಗಂಟೆ ಸುಮಾರಿಗೆ ಗಟರಿಜ್ ಹೌ ಗ್ರೀನ್ ಅನ್ನೋ ಕಡೆ ಪಕ್ಕದ ಬೀಟಿನ ಕಾನ್‌ಸ್ಟೇಬಲ್‌ನ ಕಂಡು ಮಾತಾಡಿ ಮನೆ ಕಡೆ ಹೊರಟ್ರು. ಮನೆ ಇರೋದು ಸ್ಟೇಪಲ್‌ಫರ್ಡ್ ಅಬಟ್ಸ್ ಅನ್ನೋ ಹಳ್ಳೀಲಿ. ಮುಟ್ಟಲೇ ಇಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಅಂಚೆ ಚೀಲ ಒಯ್ತಿದ್ದೋನು ನೋಡಿದ್ರೆ ರಸ್ತೆ ಪಕ್ಕ ದಿಬ್ಬಕ್ಕೆ ಒರಗಿಕೊಂಡು ಬಿದ್ದಿದ್ದಾರೆ, ಕೈಯಲ್ಲಿ ಪೆನ್ಸಿಲ್ ಹಾಗೇ ಇದೆ. ಏನೋ ಬರ್ಕೊಳ್ಳೋಕೆ ಪುಸ್ತಕ ತೆಗೆದಿದ್ರು ಅಂತ ಅರ್ಥ. ನಾಲ್ಕು ಗುಂಡು, ಅದ್ರಲ್ಲಿ ಎರಡು ಕಣ್ಣಿಗೊಂದೊಂದು.

ಅದೇ ರಾತ್ರಿ ಬಿಲರಿಕೀಲಿ ಒಬ್ಬ ಡಾಕ್ಟರ್ ಮನೆಯಿಂದ ಮಾರಿಸ್ ಕೌಲಿ ಕಾರು ಕಳುವಾಗಿತ್ತು. ಲಂಡನ್ನಿನ ಬ್ರಿಕ್ಸ್‌ಟನ್ನಲ್ಲಿ ಸಿಕ್ತು, ರಕ್ತದ ಕಲೆ, ಒಳಗೊಂದು ಖಾಲಿ ತೋಟಾ. ಎಸೆಕ್ಸ್‌ನೋರು ಸ್ಕಾಟ್‌ಲೆಂಡ್ ಯಾರ್ಡನ್ನ, ಅಂದ್ರೆ ಲಂಡನ್ ಪೊಲೀಸ್ರನ್ನ ಕರೆಸಿದ್ರು. ನಾಲ್ಕು ತಿಂಗಳು ಏನೂ ಇಲ್ಲ, 1928ರ ಜನವರೀಲಿ ಲಂಡನ್ನಲ್ಲಿ ಗ್ಯಾರೇಜ್ ನಡೆಸ್ತಿದ್ದ ಫ್ರೆಡೆರಿಕ್ ಬ್ರೌನ್ ಅನ್ನೋನನ್ನ ಹಿಡಿದ್ರು, ಅವನತ್ರ ವೆಬ್ಲಿ ರಿವಾಲ್ವರು. ಜೊತೆಗಾರ ವಿಲಿಯಂ ಕೆನಡಿ ಲಿವರ್‌ಪೂಲಲ್ಲಿ ಸಿಕ್ಕಿದಾಗ ಹಿಡಿಯೋಕೆ ಹೋದ ಪೊಲೀಸ್‌ನ ಮೇಲೇ ಪಿಸ್ತೂಲ್ ಒತ್ತಿದ್ದ, ಗುಂಡು ಹಾರ್ಲಿಲ್ಲ ಪುಣ್ಯಕ್ಕೆ. ಬಂದೂಕು ತಜ್ಞ ರಾಬರ್ಟ್ ಚರ್ಚಿಲ್ ಮೈಕ್ರೋಸ್ಕೋಪಲ್ಲಿ ಇಟ್ಟು ತೋರಿಸಿದ್ರು, ಆ ತೋಟಾ ಹಿಂಭಾಗದ ಗೀರು ಈ ರಿವಾಲ್ವರಿಂದ ಮಾತ್ರ ಬೀಳೋಕೆ ಸಾಧ್ಯ ಅಂತ. ಬ್ರಿಟನ್ನಲ್ಲಿ ಬಂದೂಕಿನ ಗುರುತು ನೋಡಿ ಅಪರಾಧ ಸಾಬೀತು ಮಾಡೋ ವಿದ್ಯೆಗೆ ಹೆಸರು ತಂದ ಕೇಸ್ ಇದು. 1928ರ ಮೇ 31ಕ್ಕೆ ಇಬ್ರಿಗೂ ಗಲ್ಲು, ಬೇರೆ ಬೇರೆ ಜೈಲಲ್ಲಿ.

ಕಣ್ಣಿಗೆ ಯಾಕೆ ಹೊಡೆದ್ರು ಅಂದ್ರೆ, ಸಾಯೋ ಮನುಷ್ಯ ಕೊನೇಲಿ ನೋಡಿದ ಮುಖ ಅವನ ಕಣ್ಣಲ್ಲಿ ಅಚ್ಚಾಗಿ ಉಳಿಯತ್ತೆ ಅನ್ನೋ ಮೂಢನಂಬಿಕೆ ಇತ್ತಂತೆ, ಅದಕ್ಕೇ ಅಂತ ಜನ ಮಾತಾಡ್ಕೊಂಡ್ರು. ಆ ಹಳ್ಳೀಲಿ ಈಗ ಗಟರಿಜ್ ಲೇನ್ ಅಂತ ರಸ್ತೆ ಇದೆ.

ಹುಬ್ಬಳ್ಳಿ ರಿಟೈರ್ಡ್ ಪಿಎಸ್ಐ:
ಕೈಯಾಗ ಪೆನ್ಸಿಲ್ ಇತ್ತು ಅಂದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನ ಕುಂತೆ. ನಾವೂ ನೈಟ್ ಬೀಟಿನ್ಯಾಗ ಅಂಗಡಿ, ಬ್ಯಾಂಕ್ ಮುಂದ ಇಟ್ಟ ಬೀಟ್ ಪುಸ್ತಕದಾಗ ಟೈಮ್ ಹಾಕಿ ಸಹಿ ಮಾಡಿ ಮುಂದ ಹೋಗೂದು. ಸಾಹೇಬ್ರು ಮುಂಜಾನೆ ಬಂದು ಚೆಕ್ ಮಾಡ್ತಿದ್ರು. ಕೆಲವು ಹುಷಾರ್ ಮಂದಿ ಸಂಜೀಕನ ಎಲ್ಲಾ ಸಹಿ ಮಾಡಿ ಮಲಗತಿದ್ರು, ಅದು ಬ್ಯಾರೆ ಮಾತ್ರಿ. ಇನ್ನೊಬ್ಬ ಮನಶ್ಯಾನ್ನ ಖುದ್ದ ಕಾಣಬೇಕು ಅನ್ನೂ ರೂಲ್ ಇದ್ರ ಆ ಆಟ ನಡ್ಯಂಗಿಲ್ಲ ನೋಡ್ರಿ, ಬ್ರಿಟಿಷರು ಶಾಣ್ಯಾ.

ಮಂಡ್ಯ ಗೌಡ:
ಸೀರಿಯಸ್ ಆಯ್ತು ಥ್ರೆಡ್ಡು. ಏನಾದ್ರೂ ಜಾಲಿ ಕಥೆ ಇಲ್ವಣ್ಣ

ಕೆಂಟ್ ಕಾವ್ಯ:
ಇದೆ! ಝೆಪ್ ಸ್ಮಿತ್ ಕಥೆ. ನನ್ನ ಫೇವರಿಟ್ಟು.

1916ರ ಸೆಪ್ಟೆಂಬರ್ 24, ಮೊದಲನೇ ಮಹಾಯುದ್ಧ, ಮಧ್ಯರಾತ್ರಿ ದಾಟಿದೆ. ಲಂಡನ್ ಮೇಲೆ ಬಾಂಬ್ ಹಾಕೋಕೆ ಬಂದಿದ್ದ ಜರ್ಮನ್ ಝೆಪೆಲಿನ್ನು, ಅಂದ್ರೆ ಗ್ಯಾಸ್ ತುಂಬಿದ ಗಾಳಿಹಡಗು, ಎಲ್33 ಅಂತ, ಏಟು ತಿಂದು ಗ್ಯಾಸ್ ಸೋರಿ ಎಸೆಕ್ಸಿನ ಲಿಟಲ್ ವಿಗ್‌ಬರೋ ಅನ್ನೋ ಹಳ್ಳೀಲಿ ಹೊಲದ ಮೇಲೆ ಬಂದು ಕೂತ್ಕೊಂಡ್ತು. ಸುಮಾರು 200 ಮೀಟರ್ ಉದ್ದದ ರಾಕ್ಷಸ, ದನದ ಕೊಟ್ಟಿಗೆ ಪಕ್ಕ. ಒಳಗಿದ್ದ 22 ಜನನೂ ಬದುಕಿ ಉಳಿದ್ರು. ಕ್ಯಾಪ್ಟನ್ ಅಲೋಯಿಸ್ ಬ್ಯೋಕರ್ ಅದಕ್ಕೆ ಬೆಂಕಿ ಹಚ್ಚಿಸಿ, ಸಿಪಾಯಿಗಳನ್ನ ಸಾಲು ಮಾಡಿ ಕತ್ತಲಲ್ಲಿ ನಡ್ಕೊಂಡು ಹೊರಟ. ಎದುರಿಗೆ ಸೈಕಲ್ಲಲ್ಲಿ ಬಂದೋರು ಎಡ್ಗರ್ ನಿಕೋಲಸ್ ಅನ್ನೋ ಸ್ಪೆಷಲ್ ಕಾನ್‌ಸ್ಟೇಬಲ್. ಸ್ಪೆಷಲ್ ಅಂದ್ರೆ ನಮ್ಮ ಹೋಮ್‌ಗಾರ್ಡ್ ಥರ, ಸಂಬಳ ಇಲ್ಲದ ಊರಿನ ಮನುಷ್ಯ. ಬ್ಯೋಕರ್ ಇಂಗ್ಲಿಷಲ್ಲಿ ಕೋಲ್ಚೆಸ್ಟರ್ ಎಷ್ಟು ದೂರ ಅಂತ ಕೇಳ್ದ, ಇವ್ರು ಒಂದಾರು ಮೈಲಿ ಅಂದ್ರು. ಮಾತಿನ ಧಾಟಿ ಕೇಳಿ ಇವ್ರು ನಮ್ಮೋರಲ್ಲ ಅಂತ ಗೊತ್ತಾಗಿ, ಗಲಾಟೆ ಮಾಡ್ದೆ ಸೈಕಲ್ ತಳ್ಕೊಂಡು ಅವರ ಜೊತೆನೇ ನಡೆದ್ರು! ಒಬ್ಬ ಮನುಷ್ಯ, ಇಪ್ಪತ್ತೆರಡು ಶತ್ರು ಸಿಪಾಯಿಗಳು, ಮದುವೆ ದಿಬ್ಬಣ ಹೋದಂಗೆ. ಪೆಲ್ಡನ್ ಹಳ್ಳಿ ಮುಟ್ಟಿದಾಗ ಅಲ್ಲಿನ ಕಾನ್‌ಸ್ಟೇಬಲ್ ಚಾರ್ಲ್ಸ್ ಸ್ಮಿತ್ ಬಂದು ಎಲ್ರನ್ನೂ ಅರೆಸ್ಟ್ ಮಾಡಿದ್ರು. ಬ್ಯೋಕರ್ ಫೋನ್ ಮಾಡ್ಬೇಕು ಅಂದ, ಆಗಲ್ಲ ಅಂದ್ರು. ಆಮೇಲೆ ಮರ್ಸೀ ದ್ವೀಪದ ಕಡೆ ನಡೆಸ್ಕೊಂಡು ಹೋಗಿ ಮಿಲಿಟರಿ ಕೈಗೆ ಒಪ್ಪಿಸಿದ್ರು.

ಸ್ಮಿತ್‌ಗೆ ಸಾರ್ಜೆಂಟ್ ಪ್ರಮೋಷನ್ನು, ಸಾಯೋ ತನಕ "ಝೆಪ್" ಸ್ಮಿತ್ ಅಂತಲೇ ಹೆಸರು. ಆ ರಾತ್ರಿ ಪಕ್ಕದಲ್ಲಿ ಹುಟ್ಟಿದ ಹೆಣ್ಣು ಮಗುಗೆ ಝೆಪೆಲಿನಾ ಅಂತ ಹೆಸರಿಟ್ರು. ಸುಟ್ಟು ಉಳಿದ ಅಸ್ಥಿಪಂಜರ ನೋಡಿ ಅಳತೆ ತಗೊಂಡು ಬ್ರಿಟಿಷರು ಆರ್33, ಆರ್34 ಅಂತ ತಮ್ಮದೇ ಗಾಳಿಹಡಗು ಕಟ್ಕೊಂಡ್ರು, ಆರ್34 ಅಂತೂ 1919ರಲ್ಲಿ ಅಟ್ಲಾಂಟಿಕ್ ದಾಟಿ ವಾಪಸ್ ಬಂತು.

ಅದೇ ರಾತ್ರಿ ಎಲ್32 ಅನ್ನೋ ಇನ್ನೊಂದು ಬಿಲರಿಕಿ ಹತ್ರ ಉರಿದು ಬಿತ್ತು, ಅದ್ರಲ್ಲಿದ್ದೋರು ಒಬ್ರೂ ಉಳೀಲಿಲ್ಲ. ಅದು ಜಾಲಿ ಕಥೆ ಅಲ್ಲ.

ಮಂಡ್ಯ ಗೌಡ:
ಸೈಕಲ್ ತಳ್ಕೊಂಡು ಜೊತೇಲಿ ನಡೆದ ಆ ನಿಕೋಲಸ್‌ಗೆ ಏನ್ ಸಿಕ್ತು? ಪ್ರಮೋಷನ್ ಎಲ್ಲಾ ಸ್ಮಿತ್‌ಗೇನಾ. ನಮ್ ಡಿಪಾರ್ಟ್‌ಮೆಂಟ್ ಇದ್ದಂಗೇ ಇದೆ ಗುರು

ಶಾರದಾ ಮೇಡಂ ಮೈಸೂರು:
ಸಂಬಳ ಇದ್ದೋನಿಗೆ ತಾನೇ ಪ್ರಮೋಷನ್ ಗೌಡ್ರೇ. ಬಿಟ್ಟಿ ದುಡಿದೋರ ಹೆಸರು ಬಾಯಲ್ಲಿ ಉಳಿಯೋದೂ ಕಷ್ಟ.

ಉಡುಪಿ ಭಟ್ರು:
ನಾನೊಂದು ಕಡ್ಡಿ ಆಡಿಸ್ತೇನೆ. ಎಸೆಕ್ಸ್ ಪೊಲೀಸ್ ಅಂದ್ರೆ ಹೊರಗಿನವರಿಗೆ ನೆನಪಾಗುದು 1985ರ ವೈಟ್ ಹೌಸ್ ಫಾರ್ಮ್ ಕೇಸು. ಒಂದೇ ಮನೇಲಿ ಐದು ಹೆಣ. ಮಗಳೇ ಎಲ್ಲರನ್ನು ಕೊಂದು ತಾನೂ ಹೊಡ್ಕೊಂಡಳು ಅಂತ ಪೊಲೀಸ್ರು ಮೊದಲ ದಿನವೇ ತೀರ್ಮಾನ ಮಾಡಿ, ರಕ್ತ ಆದ ಹಾಸಿಗೆ ಕಾರ್ಪೆಟ್ಟು ಸುಟ್ಟೂ ಆಯ್ತು. ಬಂದೂಕಿನ ಸೈಲೆನ್ಸರ್ ಹುಡುಕಿದ್ದು ಯಾರು, ಸಂಬಂಧಿಕರು! ನೀವು ಹೊಗಳ್ತಾ ಹೋದ್ರೆ ಹೇಗೆ ಮಾರಾಯ್ರೆ.

ಚೆಲ್ಮ್ಸ್‌ಫರ್ಡ್ ಚಂದ್ರು:
ಹೊಗಳಿಲ್ಲ ಭಟ್ರೇ, ಕಥೆ ಹೇಳ್ತಿದೀನಿ. ನೀವಂದಿದ್ದು ಸರಿ, ಆ ತನಿಖೆ ಬಗ್ಗೆ ಕೋರ್ಟಲ್ಲೇ ಜಡ್ಜ್ ಬೈದಿದ್ದಾರೆ. 1986ರ ಅಕ್ಟೋಬರಲ್ಲಿ ಆ ಮನೆಯ ದತ್ತುಮಗ ಜೆರೆಮಿ ಬ್ಯಾಂಬರ್‌ಗೆ ಶಿಕ್ಷೆ ಆಯ್ತು, ಅವನು ಇವತ್ತಿನವರೆಗೂ ನಾನು ಮಾಡಿಲ್ಲ ಅಂತಲೇ ಹೇಳ್ತಿದಾನೆ. ಅದರ ಬಗ್ಗೆ ಇಲ್ಲಿ ಶುರು ಮಾಡಿದ್ರೆ ಥ್ರೆಡ್ ಮುಗಿಯಲ್ಲ, ಬೇರೆ ಥ್ರೆಡ್ ತೆಗೀರಿ, ಬರ್ತೀನಿ. ಒಂದೇ ಮಾತು, 1927ರಲ್ಲಿ ಒಂದು ಖಾಲಿ ತೋಟಾನ ಜೋಪಾನ ಮಾಡಿದ ಕೌಂಟೀಲೇ 1985ರಲ್ಲಿ ಸಾಕ್ಷಿ ಸುಟ್ರಲ್ಲ ಅಂತ ನಂಗೂ ಅನ್ಸಿದೆ.

ನಂಗೆ ಪೊಲೀಸ್ ಕೆಲಸ ಅಂದ್ರೆ ನೆನಪಾಗೋದು 1953. ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಬಂತು. ಮೇಲೆ ಲಿಂಕನ್‌ಷೈರಲ್ಲಿ ಸಂಜೆನೇ ಜನ ಸಾಯ್ತಿದ್ರು, ಆದ್ರೆ ಕೆಳಗಿನ ಕೌಂಟಿಗಳಿಗೆ ಎಚ್ಚರಿಕೆ ಕೊಡೋ ಪದ್ಧತಿನೇ ಇರ್ಲಿಲ್ಲ. ಒಂದು ಕೌಂಟಿ ಇನ್ನೊಂದು ಕೌಂಟಿಗೆ ಹೇಳಲ್ಲ, ಫೋನ್ ಲೈನುಗಳೂ ಬಿದ್ದೋದ್ವು. ಮಧ್ಯರಾತ್ರಿ ದಾಟಿ ನೀರು ನಮ್ಮ ಎಸೆಕ್ಸಿನ ಕ್ಯಾನ್ವಿ ದ್ವೀಪಕ್ಕೆ ನುಗ್ಗಿದಾಗ ಜನ ನಿದ್ದೇಲಿದ್ರು. ಅಲ್ಲೊಂದರಲ್ಲೇ 58 ಜನ ಹೋದ್ರು, ಹದಿಮೂರು ಸಾವಿರ ಜನ ದ್ವೀಪ ಬಿಟ್ಟು ಬಂದ್ರು. ಕೌಂಟಿ ಗಡಿ ಬೇಲಿಗಳ ಬೆಲೆ ಗೊತ್ತಾಗಿದ್ದೇ ಅವತ್ತು ಅಂತೀನಿ. ಆಮೇಲೆ ಪೂರ್ವ ಕರಾವಳಿಗೆಲ್ಲಾ ಒಂದು ಪ್ರವಾಹ ಎಚ್ಚರಿಕೆ ವ್ಯವಸ್ಥೆ ಮಾಡಿದ್ರು, ಅದ್ರಲ್ಲಿ ಪೊಲೀಸ್ರ ಕೆಲಸನೇ ದೊಡ್ಡದು.

ಮಂಡ್ಯ ಗೌಡ:
ಲಂಡನ್ ಗಡಿ ಹೆಂಗಣ್ಣ? ರೋಮ್‌ಫರ್ಡ್ ಎಸೆಕ್ಸಾ ಲಂಡನ್ನಾ, ನಮ್ ಚಿಕ್ಕಪ್ಪನ ಮಗ ಅಲ್ಲೇ ಇರೋದು, ಅವನಿಗೇ ಗೊತ್ತಿಲ್ಲ

ಕೆಂಟ್ ಕಾವ್ಯ:
1965ರ ತನಕ ರೋಮ್‌ಫರ್ಡಿಗೆ ಎಸೆಕ್ಸ್ ಪೊಲೀಸು, ಆ ವರ್ಷ ಗ್ರೇಟರ್ ಲಂಡನ್ ಆದಾಗ ಮೆಟ್ರೊಪಾಲಿಟನ್ ಪೊಲೀಸ್ ಪಾಲಾಯ್ತು. ಉಲ್ಟಾ ಕೇಸೂ ಇದೆ, ಚಿಗ್‌ವೆಲ್, ಲೌಟನ್, ವಾಲ್ಟಮ್ ಆ್ಯಬಿ ಇವೆಲ್ಲಾ ಎಸೆಕ್ಸ್ ಕೌಂಟಿ, ಆದ್ರೆ ಪೊಲೀಸ್ ಲಂಡನ್ನಿಂದು. ಎಸೆಕ್ಸಿಗೆ ಬಂದಿದ್ದು 2000ದ ಏಪ್ರಿಲಲ್ಲಿ. ನೂರು ವರ್ಷಕ್ಕೂ ಹಳೇ ಗಂಟು ಬಿಚ್ಚೋಕೆ ಅಷ್ಟು ಟೈಮ್ ಹಿಡೀತು.

ಹುಬ್ಬಳ್ಳಿ ರಿಟೈರ್ಡ್ ಪಿಎಸ್ಐ:
ಕಡೀಗೆ ಒಂದು ಪ್ರಶ್ನೆ ಕೇಳ್ತೀನ್ರಿ. ಇಷ್ಟೆಲ್ಲಾ ಅಲ್ಲಿ ಇತ್ತು, ಬಂದೂಕ ಇಲ್ಲ, ಊರವರ ರೊಕ್ಕ, ಊರವರ ಹಿಡಿತ. ಇದನ್ನ ನಮಗ ಯಾಕ ಕೊಡಲಿಲ್ಲ ಬ್ರಿಟಿಷರು?

ಶಾರದಾ ಮೇಡಂ ಮೈಸೂರು:
ಯಾಕಂದ್ರೆ ನಮಗೆ ಕೊಟ್ಟಿದ್ದು ಎಸೆಕ್ಸ್ ಮಾದರಿ ಅಲ್ಲ ಸರ್, ಐರ್ಲೆಂಡ್ ಮಾದರಿ. ಐರ್ಲೆಂಡಲ್ಲಿ ಜನ ತಿರುಗಿ ಬೀಳ್ತಾರೆ ಅನ್ನೋ ಭಯಕ್ಕೆ ಬಂದೂಕು ಹಿಡಿದ, ಬ್ಯಾರಕ್‌ನಲ್ಲಿರೋ, ಡಬ್ಲಿನ್ ಕೋಟೆಯಿಂದ ಹುಕುಂ ಬರೋ ಪೊಲೀಸ್ ಇತ್ತು. ಚಾರ್ಲ್ಸ್ ನೇಪಿಯರ್ ಸಿಂಧ್ ಗೆದ್ದಾಗ, 1843ರಲ್ಲಿ, ಅದನ್ನೇ ನೋಡ್ಕೊಂಡು ಅಲ್ಲಿ ಪೊಲೀಸ್ ಕಟ್ಟಿದ, 1861ರ ಪೊಲೀಸ್ ಆಕ್ಟಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬಂದಿದ್ದೂ ಆ ಜಾಯಮಾನದ್ದೇ. ಕಂದಾಯ ಕಟ್ಟೋನು ಕೌಂಟೀಲಿ ಜಗಳ ಆಡ್ಬಹುದಿತ್ತು. ನಮ್ಮಲ್ಲಿ ಕಂದಾಯ ವಸೂಲಿಗೆ ಹೋಗೋನ ಹಿಂದೆನೇ ಪೊಲೀಸ್ ಇರ್ತಿದ್ದ.

ಆದ್ರೆ ಅಲ್ಲೂ ಊರವರ ಹಿಡಿತ ಅನ್ನೋದನ್ನ ಜಾಸ್ತಿ ದೊಡ್ಡದು ಮಾಡ್ಬೇಡಿ. 1889ರ ತನಕ ಹಿಡಿತ ಇದ್ದಿದ್ದು ಓಟಲ್ಲಿ ಗೆಲ್ಲದ ಮ್ಯಾಜಿಸ್ಟ್ರೇಟ್‌ಗಳ ಕೈಲಿ. ಆಮೇಲೂ ಅರ್ಧ ಅವರು, ಅರ್ಧ ಕೌಂಟಿ ಕೌನ್ಸಿಲರ್‌ಗಳು. ಜನ ನೇರವಾಗಿ ಓಟ್ ಹಾಕಿ ಒಬ್ಬ ಪೊಲೀಸ್ ಕಮಿಷನರನ್ನ ಆರಿಸೋಕೆ ಶುರು ಮಾಡಿದ್ದು 2012ರಲ್ಲಿ. ಅದಕ್ಕೆ ಓಟ್ ಹಾಕೋಕೆ ಜನನೇ ಬರ್ಲಿಲ್ಲ ಅನ್ನೋದು ಬೇರೆ ಕಥೆ.

ಚೆಲ್ಮ್ಸ್‌ಫರ್ಡ್ ಚಂದ್ರು:
ಮೇಡಂ, ಆ ಕಮಿಷನರ್ ಖರ್ಚು ನಮ್ಮ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಲ್ಲಿ ಬೇರೆ ಸಾಲಾಗೇ ಬರತ್ತೆ, ಪೊಲೀಸಿಗೆ ಇಷ್ಟು ಅಂತ. ಪಕ್ಕದ ಮನೆ ಅಜ್ಜ ಪ್ರತಿ ಏಪ್ರಿಲಲ್ಲೂ ಬೇಲಿ ಹತ್ರ ನಿಂತು ಅದೇ ಸಾಲು ತೋರಿಸಿ ಬೈತಾರೆ, ನಮ್ಮ ರೋಡಿಗೆ ಪೊಲೀಸ್ ಬಂದು ಎಷ್ಟು ದಿನ ಆಯ್ತು ಹೇಳು ಅಂತ. ಮಾವ ಇವತ್ತು ಅದನ್ನ ಕೇಳಿಸ್ಕೊಂಡು ತಲೆ ಆಡಿಸಿದ್ರು, ಇಂಗ್ಲಿಷ್ ಅರ್ಧ ಅರ್ಥ ಆಗಿರ್ಬೇಕು, ಬೈಗುಳ ಪೂರ್ತಿ ಅರ್ಥ ಆಯ್ತು.

ಮಂಡ್ಯ ಗೌಡ:
ಅಣ್ಣ ಮುಂದಿನ ತಿಂಗಳು ನಾನು ರೋಮ್‌ಫರ್ಡಿಗೆ ಬರ್ತಿದೀನಿ, ಚಿಕ್ಕಪ್ಪನ ಮಗನ ಮನೆಗೆ. ಆ ಝೆಪೆಲಿನ್ ಬಿದ್ದ ಜಾಗ ನೋಡ್ಬಹುದಾ?

ಕೆಂಟ್ ಕಾವ್ಯ:
ಹೊಲ ಅಷ್ಟೇ ಗೌಡ್ರೇ, ಝೆಪೆಲಿನ್ ಇಲ್ಲ. ಆದ್ರೂ ಪೆಲ್ಡನ್ನಿಂದ ಮರ್ಸೀ ಕಡೆ ಅವರು ನಡೆದ ದಾರೀಲಿ ಹೋಗ್ಬಹುದು, ಚೆನ್ನಾಗಿರತ್ತೆ. ದ್ವೀಪಕ್ಕೆ ಹೋಗೋ ರಸ್ತೆಗೆ ಸ್ಟ್ರೂಡ್ ಅಂತಾರೆ, ದೊಡ್ಡ ಉಬ್ಬರ ಬಂದಾಗ ಅದು ನೀರಲ್ಲಿ ಮುಳುಗತ್ತೆ, ಕಾರು ನಿಂತೋದ್ರೆ ಫಜೀತಿ. ಉಬ್ಬರದ ಟೈಮ್ ನೋಡ್ಕೊಂಡು ಹೋಗಿ.

ಚೆಲ್ಮ್ಸ್‌ಫರ್ಡ್ ಚಂದ್ರು:
ಬನ್ನಿ ಗೌಡ್ರೇ, ನಮ್ಮನೆಗೂ ಬನ್ನಿ, ಮ್ಯೂಸಿಯಂ ದಿನಾ ತೆಗೆದಿರಲ್ಲ, ಮೊದ್ಲೇ ಕೇಳ್ಬೇಕು. ಮಾವನೂ ಬರ್ತಾರಂತೆ, "ದಫೇದಾರ್‌ನ ಇನ್ನೊಂದ್ಸಲ ನೋಡ್ಕೊಂಡು ಬರೋಣ" ಅಂತಿದಾರೆ.